ಕೂಡಿಸಿದ ದುಡ್ಡು, ಬಿಚ್ಚಿಟ್ಟ ಲೆಕ್ಕ

ಈ ಸಲದ ಪತ್ರಗಳ ಕಟ್ಟು ಬಿಚ್ಚಿದರೆ ಅರ್ಧಕ್ಕಿಂತ ಜಾಸ್ತಿ ದುಡ್ಡಿನ ವಿಷಯವೇ. ಸಾಲ, ಬಡ್ಡಿಯ ಮಾತಲ್ಲ. ಹತ್ತಾರು ಜನ ಸೇರಿ ಕೂಡಿಸಿದ ದುಡ್ಡಿನ ಮಾತು. ಹೋದ ಸಂಚಿಕೆಯಲ್ಲಿ ‘ನಾನು 26 ವರ್ಷ ಬೇರೆ ಬೇರೆ ಗುಂಪುಗಳಿಗೆ ಖಜಾಂಚಿಯಾಗಿದ್ದವಳು’ ಅಂತ ಒಂದು ಸಾಲು ಬರೆದಿದ್ದೆ. ಅದೇ ನೆಪ ಆಯ್ತು ನೋಡಿ. ಎಲ್ಲ ಪತ್ರಕ್ಕೂ ಉತ್ತರ ಬರೆಯಲು ಇಲ್ಲಿ ಜಾಗ ಇಲ್ಲ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿದ್ದೇನೆ, ಉದ್ದದ ಪತ್ರಗಳನ್ನು ಮೊಟಕು ಮಾಡಿದ್ದೇನೆ. ಯಾರ ಹೆಸರೂ ಹಾಕಿಲ್ಲ. ದುಡ್ಡಿನ ವಿಷಯ, ಅಲ್ವಾ.

ಪ್ರಶ್ನೆ: ಅಕ್ಕಾ, ನನ್ನ ಮಗ ಮಾತೆತ್ತಿದರೆ ‘ಕ್ರೌಡ್‌ಫಂಡಿಂಗ್’ ಅನ್ನುತ್ತಾನೆ. ಇಂಟರ್‌ನೆಟ್‌ನಲ್ಲಿ ಹತ್ತಾರು ಜನರ ಹತ್ತಿರ ದುಡ್ಡು ಎತ್ತುವುದಂತೆ. ನನಗೇನೋ ಅದು ನಾವು ಎತ್ತುತ್ತಿದ್ದ ವಂತಿಗೆಯೇ ಅನ್ನಿಸುತ್ತದೆ. ನಿಜವಾಗಿ ವ್ಯತ್ಯಾಸ ಇದೆಯಾ, ಇಲ್ಲ ಹೆಸರು ಮಾತ್ರ ಹೊಸದಾ?

ನಿಮಗೆ ಅನ್ನಿಸಿದ್ದು ಮುಕ್ಕಾಲು ಪಾಲು ಸರಿ. ನ್ಯೂಯಾರ್ಕ್‌ನ ಸ್ವಾತಂತ್ರ್ಯ ದೇವಿಯ ಮೂರ್ತಿ ಚಿತ್ರದಲ್ಲಿ ನೋಡಿರುತ್ತೀರಿ. ಮೂರ್ತಿ ಫ್ರಾನ್ಸ್‌ನವರು ಕೊಟ್ಟದ್ದು. ಅದನ್ನು ನಿಲ್ಲಿಸುವ ಪೀಠ ಕಟ್ಟಬೇಕಾದವರು ಅಮೆರಿಕದವರು. ಪೀಠದ ಕೆಲಸ ನಡೆಯುವಾಗ ದುಡ್ಡು ಮುಗಿಯಿತು. ಇನ್ನೂ 1 ಲಕ್ಷ ಡಾಲರ್ ಬೇಕಿತ್ತು. ಸರ್ಕಾರ ಕೊಡಲಿಲ್ಲ, ಶ್ರೀಮಂತರು ಮುಖ ತಿರುಗಿಸಿದರು. ಆಗ 1885ರ ಮಾರ್ಚ್‌ನಲ್ಲಿ ಜೋಸೆಫ್ ಪುಲಿಟ್ಜರ್ ತನ್ನ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಓದುಗರನ್ನೇ ಕೇಳಿದ. ಎಷ್ಟೇ ಚಿಕ್ಕ ಮೊತ್ತ ಕಳಿಸಿದರೂ ಕೊಟ್ಟವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ ಅಂದ. ಐದು ತಿಂಗಳಲ್ಲಿ ದುಡ್ಡು ಕೂಡಿತು. ಕೊಟ್ಟವರು 1 ಲಕ್ಷಕ್ಕೂ ಹೆಚ್ಚು ಮಂದಿ. ಅವರಲ್ಲಿ ಬಹಳ ಜನ ಕೊಟ್ಟದ್ದು ಒಂದು ಡಾಲರ್‌ಗಿಂತ ಕಡಿಮೆ. ಆಗ ಇಂಟರ್‌ನೆಟ್ ಎಲ್ಲಿತ್ತು?

ಇಂಟರ್‌ನೆಟ್ ಬಂದ ಮೇಲೆ ಆದದ್ದು ಇಷ್ಟೇ: ಮುಖ ನೋಡದವರ ಹತ್ತಿರವೂ ಕೇಳಬಹುದಾಯ್ತು. 1997ರಲ್ಲಿ ಮರಿಲಿಯನ್ ಅನ್ನುವ ಬ್ರಿಟಿಷ್ ಸಂಗೀತ ತಂಡದ ಅಭಿಮಾನಿಗಳು ತಂಡದ ಅಮೆರಿಕ ಪ್ರವಾಸಕ್ಕೆ ಅಂತ ತಾವೇ ಮುಂದೆ ಬಿದ್ದು ಸುಮಾರು 60,000 ಡಾಲರ್ ಕೂಡಿಸಿದರು. ಆಮೇಲೆ ಇಂಡಿಗೋಗೋ, ಕಿಕ್‌ಸ್ಟಾರ್ಟರ್ ಥರ, ಇಂಟರ್‌ನೆಟ್‌ನಲ್ಲೇ ದುಡ್ಡು ಎತ್ತಿಕೊಡುವ ತಾಣಗಳು ಬಂದವು. ಈಗ ಸುಮ್ನೆ ದಾನ ಕೊಡಬಹುದು, ಕೊಟ್ಟದ್ದಕ್ಕೆ ಬದಲಾಗಿ ವಸ್ತು ಪಡೆಯಬಹುದು, ಸಾಲ ಕೊಡಬಹುದು, ಪಾಲುದಾರರೂ ಆಗಬಹುದು.

ಉಳಿದ ಕಾಲು ಪಾಲು ವ್ಯತ್ಯಾಸ ಎಲ್ಲಿದೆ ಅಂದರೆ, ವಂತಿಗೆ ಎತ್ತುವಾಗ ಮನೆ ಬಾಗಿಲಿಗೆ ಬಂದವರ ಮುಖ ನಿಮಗೆ ಗೊತ್ತಿರುತ್ತದೆ. ನಾಳೆ ಮತ್ತೆ ಎದುರಾಗುತ್ತಾರೆ. ಆ ಮುಖವೇ ಅರ್ಧ ಜಾಮೀನು. ತೆರೆಯ ಮೇಲೆ ಆ ಮುಖ ಇಲ್ಲ. ಅದರ ಜಾಗದಲ್ಲಿ ಏನಿಡಬೇಕು ಅನ್ನುವುದೇ ಮುಂದಿನ ಪತ್ರಗಳ ಗೋಳು.

ಪ್ರಶ್ನೆ: ನಮ್ಮ ಹವ್ಯಾಸಿ ನಾಟಕ ತಂಡಕ್ಕೆ ಬೆಳಕಿನ ಸಾಮಾನು ಕೊಳ್ಳಲು 80 ಜನರಿಂದ ದುಡ್ಡು ಎತ್ತಿದೆ. ಒಳ್ಳೆಯ ದರಕ್ಕೆ ಕಾಯುತ್ತಾ ಮೂರು ತಿಂಗಳಾಯ್ತು. ಈಗ ಗುಂಪಿನಲ್ಲಿ ಗುಸುಗುಸು. ನಾನು ಒಂದು ಪೈಸೆ ಮುಟ್ಟಿಲ್ಲ ಮೇಡಂ. ದುಡ್ಡು ಕೊಡುವಾಗ ‘ನಿಮ್ಮ ಮೇಲೆ ನಂಬಿಕೆ ಇದೆ’ ಅಂದವರೇ ಈಗ ಲೆಕ್ಕ ಕೇಳುತ್ತಿದ್ದಾರೆ. ಎಲ್ಲ ವಾಪಸ್ ಕೊಟ್ಟು ಕೈ ತೊಳೆದುಕೊಳ್ಳೋಣ ಅನ್ನಿಸಿದೆ.

ನಿಮ್ಮ ಪತ್ರ ಓದಿ ನನಗೆ ನನ್ನದೇ ಒಂದು ಸಂಜೆ ನೆನಪಾಯ್ತು. ಸ್ವಲ್ಪ ಉದ್ದ ಆಗುತ್ತದೆ, ಓದಿ.

ನಾವು 64 ಜನ ಸೇರಿ ಒಂದು ಓದುವ ಕೋಣೆ ಮಾಡಲು ಹೊರಟಿದ್ದೆವು. ಪುಸ್ತಕ ಹಲವರು ಕೊಟ್ಟರು. ಕಪಾಟು, ಮೇಜು, ಬೆಂಚಿಗೆ ದುಡ್ಡು ಕೂಡಿಸಿದೆವು. ಖಜಾಂಚಿ ನಾನೇ. ಬಡಗಿಗೆ ಮುಂಗಡ ಕೊಟ್ಟಾಯ್ತು. ಮರ ಒಣಗಿಲ್ಲ ಅಂತ ಆತ ಒಂದು ತಿಂಗಳು ತಳ್ಳಿದ, ಆಮೇಲೆ ಇನ್ನೊಂದು. ಹೇಳಲು ಏನೂ ಇಲ್ಲ ಅಂತ ನಾನು ಯಾರಿಗೂ ಏನೂ ಹೇಳಲಿಲ್ಲ. ನಾಲ್ಕು ತಿಂಗಳು ಹೀಗೇ ಕಳೆಯಿತು.

ಒಂದು ಸಂಜೆ ಮೆಟ್ಟಿಲಿನ ತಿರುವಿನಲ್ಲಿ ನಮ್ಮ ಗುಂಪಿನ ಹಿರಿಯರೊಬ್ಬರು ಸಿಕ್ಕರು. ಕೈಯಲ್ಲಿ ಕೊಡೆ. ಅದರ ತುದಿಯನ್ನು ಮೆಟ್ಟಿಲಿಗೆ ಮೆಲ್ಲಗೆ ಕುಟ್ಟುತ್ತಾ, ‘ಏನಮ್ಮಾ, ನಮ್ಮ ದುಡ್ಡು ಕ್ಷೇಮವಾ?’ ಅಂದರು. ನನಗೆ ಮೈಯೆಲ್ಲ ಉರಿಯಿತು. ‘ನನ್ನ ಹತ್ತಿರ ಲೆಕ್ಕ ಕೇಳುತ್ತಿದ್ದೀರಾ?’ ಅಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ‘ಅಯ್ಯೋ ಇಲ್ಲ ತಾಯಿ. ನಿನ್ನೆ ನನ್ನ ಹೆಂಡತಿ ಕೇಳಿದಳು. ನನ್ನ ಹತ್ತಿರ ಹೇಳೋದಕ್ಕೆ ಏನೂ ಇರಲಿಲ್ಲ’ ಅಂದರು.

ಅಷ್ಟೇ ಮಾತು. ಮನೆಗೆ ಬಂದು ಲೆಕ್ಕದ ಪುಸ್ತಕ ತೆಗೆದೆ. ಸಿಟ್ಟಿನಲ್ಲೇ ಕೂತೆ, ಎಲ್ಲ ಸರಿಯಾಗಿದೆ ಅಂತ ತೋರಿಸಿ ಮುಖಕ್ಕೆ ಹಿಡಿಯೋಣ ಅಂತ. ರಸೀದಿಯ ಅಡಿಪ್ರತಿಗಳನ್ನು ಒಂದೊಂದಾಗಿ ಪುಸ್ತಕಕ್ಕೆ ತಾಳೆ ಹಾಕಿದೆ. 64 ರಸೀದಿ, 63 ಜಮಾ. ಒಂದು ಇಲ್ಲ! ಎರಡು ಸಲ ಎಣಿಸಿದೆ. ಕೊನೆಗೆ ಪುಸ್ತಕದ ರಟ್ಟಿಗೆ ಹಾಕಿದ್ದ ಕಾಗದದ ಹೊದಿಕೆಯ ಒಳಗೆ ಒಂದು ಲಕೋಟೆ ಸಿಕ್ಕಿತು. ದುಡ್ಡು ಅದರಲ್ಲೇ ಇತ್ತು, ಬ್ಯಾಂಕಿಗೂ ಕಟ್ಟಿಲ್ಲ, ಪುಸ್ತಕಕ್ಕೂ ಏರಿಸಿಲ್ಲ. ಕೊಟ್ಟವರು ಯಾರು ಅಂತೀರಾ? ಅದೇ ಕೊಡೆಯ ಹಿರಿಯರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಕದ್ದಿರಲಿಲ್ಲ, ನಿಜ. ಆದರೆ ಅವರು ಕೇಳದೇ ಇದ್ದಿದ್ದರೆ ಆ ಲಕೋಟೆ ಅಲ್ಲೇ ಇರುತ್ತಿತ್ತು. ಮುಂದೊಂದು ದಿನ ಬೇರೆ ಯಾರ ಕೈಗಾದರೂ ಸಿಕ್ಕಿದ್ದರೆ ನಾನು ಏನು ಹೇಳಿದ್ದರೂ ಯಾರು ನಂಬುತ್ತಿದ್ದರು?

ಮಾರನೇ ದಿನ ಜಮಾ ಖರ್ಚು ಒಂದು ಹಾಳೆಯಲ್ಲಿ ಬರೆದು ಕೋಣೆಯ ಬಾಗಿಲ ಪಕ್ಕ ಅಂಟಿಸಿದೆ. ಲಕೋಟೆಯ ವಿಷಯವನ್ನೂ ಬರೆದೆ, ಮುಚ್ಚಿಡಲಿಲ್ಲ. ಬಡಗಿ ತಡ ಮಾಡಿದ್ದನ್ನೂ ಬರೆದೆ. ಆಮೇಲಿಂದ ಪ್ರತಿ ತಿಂಗಳು 1ನೇ ತಾರೀಕು ಹಾಳೆ ಬದಲಾಗುತ್ತಿತ್ತು. ಅದರ ಕೆಳಗೆ ನನ್ನ ಸಹಿಯ ಜೊತೆ ಇನ್ನಿಬ್ಬರ ಸಹಿ. ಆ ಇಬ್ಬರು ಸರದಿ ಪ್ರಕಾರ ಬದಲಾಗುತ್ತಿದ್ದರು. ಕೆಲವು ತಿಂಗಳು ಹಾಳೆಯಲ್ಲಿ ಇರುತ್ತಿದ್ದದ್ದು ‘ಈ ತಿಂಗಳು ಜಮಾ ಇಲ್ಲ, ಖರ್ಚು ಇಲ್ಲ, ಉಳಿಕೆ ಇಷ್ಟು’ ಅನ್ನುವ ಒಂದೇ ಸಾಲು. ಜನ ಅದನ್ನೂ ನಿಂತು ಓದುತ್ತಿದ್ದರು.

ಈಗ ನಿಮ್ಮ ಮಾತಿಗೆ ಬರುತ್ತೇನೆ. ಲೆಕ್ಕ ಕೇಳಿದರೆ ನಂಬಿಕೆ ಹೋಯ್ತು ಅಂತ ನೀವು ತಿಳಿದಿದ್ದೀರಿ. ಕೇಳುತ್ತಿದ್ದಾರೆ ಅಂದರೆ ಇನ್ನೂ ನಿಮ್ಮ ಜೊತೆ ಇದ್ದಾರೆ ಅಂತ ಅರ್ಥ. ನಂಬಿಕೆ ಹೋದವರು ಕೇಳುವುದಿಲ್ಲ, ಮುಂದಿನ ಸಲ ಕೊಡುವುದಿಲ್ಲ, ಅಷ್ಟೇ. ವಾಪಸ್ ಕೊಡಬೇಡಿ. ಇವತ್ತೇ ಬ್ಯಾಂಕ್ ಪುಸ್ತಕದ ಆ ಪುಟದ ಫೋಟೋ ತೆಗೆದು ಗುಂಪಿಗೆ ಹಾಕಿ. ಎಷ್ಟು ಅಂಗಡಿಯಲ್ಲಿ ವಿಚಾರಿಸಿದ್ದೀರಿ, ಯಾರು ಎಷ್ಟು ಹೇಳಿದರು, ಯಾಕೆ ಕಾಯುತ್ತಿದ್ದೀರಿ, ಇನ್ನೆಷ್ಟು ದಿನ ಕಾಯುತ್ತೀರಿ, ಎಲ್ಲ ಬರೆಯಿರಿ. ಗುಸುಗುಸು ಮಾಡುತ್ತಿರುವವರಲ್ಲೇ ಒಬ್ಬರನ್ನು ‘ಮುಂದಿನ ಸಲ ದರ ಕೇಳಲು ನೀವೂ ಬನ್ನಿ’ ಅಂತ ಕರೆಯಿರಿ. ತುಂಬಾ ಮಾತಾಡುವವರನ್ನೇ ಕರೆಯಿರಿ, ನನ್ನ ಅನುಭವ. ಖಾತೆ ನಿಮ್ಮೊಬ್ಬರ ಹೆಸರಿನಲ್ಲಿದ್ದರೆ ಜಂಟಿ ಖಾತೆ ಮಾಡಿಸಿ. ಇದು ಅವರಿಗಾಗಿ ಅಲ್ಲ, ನಿಮ್ಮ ನಿದ್ದೆಗಾಗಿ.

ಪ್ರಶ್ನೆ: ಮಕ್ಕಳ ಆಟದ ಜಾಗ ಸರಿ ಮಾಡಲು 2 ಲಕ್ಷ ಬೇಕು ಅಂತ ಹೇಳಿ ಶುರು ಮಾಡಿದೆವು. ಬಂದದ್ದು 1 ಲಕ್ಷದ 10 ಸಾವಿರ. ಕೆಲವರು ಇದರಲ್ಲೇ ಆದಷ್ಟು ಮಾಡೋಣ ಅನ್ನುತ್ತಾರೆ, ಕೆಲವರು ವಾಪಸ್ ಕೊಡಿ ಅನ್ನುತ್ತಾರೆ. ಯಾವುದು ನ್ಯಾಯ?

ಇದನ್ನು ಕೇಳಬೇಕಾದದ್ದು ದುಡ್ಡು ಎತ್ತುವ ಮುಂಚೆ. ಈಗ ಬೈದು ಏನು ಪ್ರಯೋಜನ, ಬಿಡಿ.

2009ರಲ್ಲಿ ಶುರುವಾದ ಕಿಕ್‌ಸ್ಟಾರ್ಟರ್‌ನಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಹೇಳಿದ ದಿನದೊಳಗೆ ಹೇಳಿದ ಮೊತ್ತ ಪೂರ್ತಿ ಬಂದರೆ ಮಾತ್ರ ದುಡ್ಡು ಕೈಗೆ. ಇಲ್ಲದಿದ್ದರೆ ಯಾರಿಂದಲೂ ಒಂದು ಕಾಸೂ ಕಡಿತ ಆಗುವುದಿಲ್ಲ. ಕೇಳಲು ಕ್ರೂರ ಅನ್ನಿಸುತ್ತದೆ. ಯೋಚನೆ ಮಾಡಿದರೆ ಕೊಡುವವರಿಗೆ ಅದೇ ದೊಡ್ಡ ಧೈರ್ಯ. ‘ಉಳಿದವರೂ ಕೊಟ್ಟರೆ ಮಾತ್ರ ನನ್ನದು’ ಅಂತ ಕೊಟ್ಟ ಹಾಗೆ. ಅರ್ಧ ಕಟ್ಟಿ ನಿಂತ ಗೋಡೆಗೆ ನನ್ನ ದುಡ್ಡು ಹೋಗುತ್ತದೆ ಅನ್ನುವ ಭಯ ಇಲ್ಲ.

ಆದರೆ ಎಲ್ಲ ಕೆಲಸವೂ ಗೋಡೆಯ ಥರ ಅಲ್ಲ. 2011ರಲ್ಲಿ ಸ್ಪೇನ್‌ನಲ್ಲಿ ಶುರುವಾದ ಗೋಟೆಯೊ ಅನ್ನುವ ತಾಣದವರು ಇನ್ನೊಂದು ದಾರಿ ಹಿಡಿದರು. ಅಲ್ಲಿ ಎರಡು ಮೊತ್ತ ಹೇಳಬೇಕು. ಒಂದು, ಇದಕ್ಕಿಂತ ಕಡಿಮೆಯಾದರೆ ಕೆಲಸವೇ ಇಲ್ಲ ಅನ್ನುವ ಕನಿಷ್ಠ. ಇನ್ನೊಂದು, ಇಷ್ಟಿದ್ದರೆ ಚೆನ್ನಾಗಿ ಆಗುತ್ತದೆ ಅನ್ನುವ ಮೊತ್ತ. ಅಂದ ಹಾಗೆ, ಸ್ಪ್ಯಾನಿಷ್‌ನಲ್ಲಿ ಗೋಟೆಯೊ ಅಂದರೆ ತೊಟ್ಟಿಕ್ಕುವುದು. ಹನಿ ಹನಿ ಕೂಡಿದರೆ ಹಳ್ಳ ಅನ್ನುವ ಮಾತು ಅಲ್ಲಿಗೂ ಮುಟ್ಟಿದೆ ನೋಡಿ.

ನಿಮ್ಮ ಆಟದ ಜಾಗ ಎರಡನೇ ಜಾತಿಯದು. ಉಯ್ಯಾಲೆ ಒಂದೇ ಹಾಕಿದರೂ ಮಕ್ಕಳು ಆಡುತ್ತಾರೆ. ಆದರೂ ನೀವೇ ತೀರ್ಮಾನ ಮಾಡಬೇಡಿ. 1 ಲಕ್ಷದ 10 ಸಾವಿರದಲ್ಲಿ ಏನೇನು ಆಗುತ್ತದೆ, ಏನು ಆಗುವುದಿಲ್ಲ ಅಂತ ಪಟ್ಟಿ ಮಾಡಿ ಕೊಟ್ಟವರೆಲ್ಲರಿಗೂ ಕಳಿಸಿ. ‘ಇದಕ್ಕೆ ಒಪ್ಪಿಗೆ ಇಲ್ಲದವರು ಇಂಥ ತಾರೀಕಿನೊಳಗೆ ಹೇಳಿ, ನಿಮ್ಮ ದುಡ್ಡು ವಾಪಸ್’ ಅನ್ನಿ. ವಾಪಸ್ ಕೇಳಿದವರಿಗೆ ಯಾಕೆ ಅಂತ ಕೇಳದೆ ಕೊಡಿ. ಮುಖ ಸಣ್ಣ ಮಾಡಬೇಡಿ. ನಾನು ಕಂಡಂತೆ, ವಾಪಸ್ ಸಿಗುತ್ತದೆ ಅಂತ ಗೊತ್ತಾದ ಮೇಲೆ ಕೇಳುವವರು ಬಹಳ ಕಡಿಮೆ.

ಇನ್ನೊಂದು ಮಾತು. ಯಾವಾಗ ಮುಗಿಯುತ್ತದೆ ಅಂತ ಹೇಳುವಾಗ ಸ್ವಲ್ಪ ಹೆಚ್ಚು ದಿನ ಇಟ್ಟುಕೊಂಡೇ ಹೇಳಿ. ಅಮೆರಿಕದ ಈಥನ್ ಮೊಲಿಕ್ ಅನ್ನುವ ಪ್ರಾಧ್ಯಾಪಕರು ಕಿಕ್‌ಸ್ಟಾರ್ಟರ್ ಯೋಜನೆಗಳನ್ನು ಹಿಡಿದು ಅಧ್ಯಯನ ಮಾಡಿದ್ದಾರೆ. 2014ರಲ್ಲಿ ಅವರು ಕಂಡದ್ದು, ಮುಕ್ಕಾಲಿಗೂ ಜಾಸ್ತಿ ಯೋಜನೆಗಳು ಕೊಡುತ್ತೇವೆ ಅಂದದ್ದನ್ನು ಹೇಳಿದ ದಿನಕ್ಕೆ ಕೊಡಲಿಲ್ಲ. 2015ರ ಇನ್ನೊಂದು ಅಧ್ಯಯನದಲ್ಲಿ, ದುಡ್ಡು ಕೂಡಿದ ಯೋಜನೆಗಳಲ್ಲಿ ಸುಮಾರು 9% ಒಪ್ಪಿಕೊಂಡದ್ದನ್ನು ಕೊಡಲೇ ಇಲ್ಲ. ಮೋಸ ಮಾಡುವವರಿಗಿಂತ ತಡ ಮಾಡುವವರೇ ಜಾಸ್ತಿ. ನಮ್ಮ ಬಡಗಿಯ ಮೇಲೆ ನನಗಿದ್ದ ಸಿಟ್ಟು ಇದನ್ನು ಓದಿದ ಮೇಲೆ ಸ್ವಲ್ಪ ಇಳಿಯಿತು.

ಪ್ರಶ್ನೆ: ನಾವು 12 ಗೆಳತಿಯರು ಚೀಟಿ ಹಾಕುತ್ತೇವೆ. ತಿಂಗಳಿಗೆ ತಲಾ 1,000. ಹರಾಜು ಇಲ್ಲ, ಬಡ್ಡಿ ಇಲ್ಲ, ಸರದಿ ಪ್ರಕಾರ ಒಬ್ಬೊಬ್ಬರಿಗೆ 12,000. ಮೂರನೇ ತಿಂಗಳು ಎತ್ತಿದವಳು ಈಗ ಎರಡು ತಿಂಗಳಿಂದ ಕಟ್ಟಿಲ್ಲ. ಅವಳ ಕೆಲಸ ಹೋಗಿದೆ. ಕೇಳಲು ನಾಚಿಕೆ, ಬಿಡಲು ನಷ್ಟ. ನನ್ನ ಸರದಿ ಕೊನೆಯದು, ಅದಕ್ಕೇ ಎದೆ ಹೊಡೆದುಕೊಳ್ಳುತ್ತಿದೆ.

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುವ ಗಾದೆ ಚೀಟಿಯ ಕೊನೆಯ ಸರದಿಯವರಿಗೆಂದೇ ಮಾಡಿದ ಹಾಗಿದೆ. ಆದರೂ ನಿಮ್ಮ ಗೆಳತಿಯನ್ನು ಇನ್ನೂ ಈರಭದ್ರ ಅನ್ನಬೇಡಿ. ಮೂರು ತಿಂಗಳು ಕಟ್ಟಿದ್ದಾಳೆ ಅಲ್ವಾ?

ನಿಮ್ಮದು ಬಹಳ ಹಳೆಯ ದಾರಿ. ಮೆಕ್ಸಿಕೊದಲ್ಲಿ ಇದಕ್ಕೆ ತಾಂಡಾ, ಘಾನಾದಲ್ಲಿ ಸುಸು, ದಕ್ಷಿಣ ಆಫ್ರಿಕಾದಲ್ಲಿ ಸ್ಟಾಕ್‌ವೆಲ್, ಇಂಡೊನೇಷ್ಯಾದಲ್ಲಿ ಅರಿಸಾನ್. ಕ್ಲಿಫರ್ಡ್ ಗೀರ್ಟ್ಜ್ ಅನ್ನುವ ಮಾನವಶಾಸ್ತ್ರಜ್ಞ 1962ರಲ್ಲೇ ಇಂಥವನ್ನು ಹೋಲಿಸಿ ಬರೆದ. ಬ್ಯಾಂಕಿನ ಮುಖ ನೋಡದವರೂ ಇದನ್ನು ನಡೆಸುತ್ತಾರೆ. ಯಾಕೆ ನಡೆಯುತ್ತದೆ ಅಂದರೆ ಲೆಕ್ಕ ಸರಳ. ನೀವೊಬ್ಬರೇ ಕೂಡಿಟ್ಟರೆ 12,000 ಕೈಗೆ ಬರುವುದು 12ನೇ ತಿಂಗಳು. ಚೀಟಿಯಲ್ಲಿ 11 ಜನಕ್ಕೆ ಅದಕ್ಕಿಂತ ಮೊದಲೇ ಬರುತ್ತದೆ. 12ನೆಯವರಿಗೆ ಅದೇ ತಿಂಗಳು ಬರುತ್ತದೆ. ಯಾರಿಗೂ ತಡ ಇಲ್ಲ. ಮೊದಲು ಎತ್ತಿದವರಿಗೆ ಅದು ಬಡ್ಡಿಯಿಲ್ಲದ ಸಾಲ, ಕೊನೆಯವರಿಗೆ ಬರೀ ಉಳಿತಾಯ. ಆ ಸಾಲಕ್ಕೆ ಜಾಮೀನು ನಿಮ್ಮ ಗೆಳೆತನ ಒಂದೇ. ತೊಂದರೆ ಇರುವುದೂ ಅಲ್ಲೇ.

ಈಗ ಮಾಡುವುದೇನು? ಮೊದಲು ಒಬ್ಬರೇ ಹೋಗಿ ಅವಳನ್ನು ನೋಡಿ. ಗುಂಪಿನಲ್ಲಿ ಮೆಸೇಜ್ ಹಾಕಿ ಕೇಳಬೇಡಿ. ಎಲ್ಲರ ಮುಂದೆ ಮಾನ ಹೋದವರು ಬಾಕಿ ಕಟ್ಟಲು ಮತ್ತೆ ಬರುವುದಿಲ್ಲ, ದಾರಿ ಬದಲಿಸಿ ನಡೆಯುತ್ತಾರೆ. ಅವಳು ಎತ್ತಿದ್ದು 12,000, ಕಟ್ಟಿದ್ದು 3,000. ಒಟ್ಟು ಬಾಕಿ 9,000. ತಿಂಗಳಿಗೆ 1,000 ಆಗದಿದ್ದರೆ 300 ಆಗುತ್ತದಾ ಕೇಳಿ. ಆಗುತ್ತದೆ ಅಂದರೆ ಅದನ್ನು ಎಲ್ಲರ ಮುಂದೆ ಅವಳೇ ಹೇಳಲಿ. ಉಳಿದವರು ಒಪ್ಪಲಿ, ಪುಸ್ತಕದಲ್ಲಿ ಬರೆಯಿರಿ. ಅಷ್ಟು ದಿನದ ಕೊರತೆಯನ್ನು ನಿಮ್ಮೊಬ್ಬರ ತಲೆಗೆ ಕಟ್ಟದೆ 11 ಜನ ಹಂಚಿಕೊಳ್ಳಬೇಕು. ಈ ಕೊನೆಯ ಮಾತನ್ನು ನೀವು ಬಾಯಿ ಬಿಟ್ಟು ಹೇಳಲೇಬೇಕು. ಕೊನೆಯ ಸರದಿಯವರು ಸುಮ್ಮನಿದ್ದರೆ ನಷ್ಟ ತಾನಾಗಿ ಅವರ ಕಡೆ ಉರುಳುತ್ತದೆ.

ಎಲಿನರ್ ಆಸ್ಟ್ರಮ್ ಅಂತ ಒಬ್ಬರು ಇದ್ದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು, ಅದನ್ನು ಪಡೆದ ಮೊದಲ ಹೆಂಗಸು. ಮೀನುಗಾರರು, ನೀರಾವರಿ ಕಾಲುವೆ ಹಂಚಿಕೊಳ್ಳುವ ರೈತರು, ಹುಲ್ಲುಗಾವಲು ಹಂಚಿಕೊಳ್ಳುವವರು ತಮ್ಮತಮ್ಮಲ್ಲೇ ಹೇಗೆ ನಿಯಮ ಮಾಡಿಕೊಳ್ಳುತ್ತಾರೆ ಅಂತ ಜೀವನಪೂರ್ತಿ ನೋಡಿದರು. ತುಂಬಾ ವರ್ಷ ಬಾಳಿದ ಗುಂಪುಗಳಲ್ಲಿ ಅವರು ಕಂಡ ಒಂದು ಗುಣ: ಮೊದಲ ತಪ್ಪಿಗೆ ಚಿಕ್ಕ ದಂಡ, ಮತ್ತೆ ಮಾಡಿದರೆ ಸ್ವಲ್ಪ ದೊಡ್ಡದು. ಒಂದೇ ಏಟಿಗೆ ಹೊರಗೆ ಹಾಕುವುದಿಲ್ಲ. ನಿಯಮ ಮಾಡುವುದೂ ಅದನ್ನು ಪಾಲಿಸಬೇಕಾದವರೇ.

ಮುಂದಿನ ಚೀಟಿಗೆ ಎರಡು ಮಾತು. ತಲಾ 1,000ದ ಜೊತೆ 50 ಹೆಚ್ಚಿಗೆ ಹಾಕಿ ಬೇರೆ ಇಡಿ. ತಿಂಗಳಿಗೆ 600 ಆಯ್ತು. ಯಾರದಾದರೂ ತಪ್ಪಿದ ತಿಂಗಳು ಅದರಿಂದ ತುಂಬಿ. ತಪ್ಪದಿದ್ದರೆ ಕೊನೆಯಲ್ಲಿ ಹಂಚಿಕೊಳ್ಳಿ. ಎರಡನೆಯದು, ಚೀಟಿ ನಡೆಸುವವರೇ ಮೊದಲ ಸರದಿ ಎತ್ತುವುದು ಎಷ್ಟೋ ಕಡೆ ರೂಢಿ. ನನಗೆ ಅದು ಹಿಡಿಸುವುದಿಲ್ಲ. ನಡೆಸುವವರು ಕೊನೆಗೆ ಎತ್ತಲಿ. ಆಗ ನೋಡಿ, ಎಲ್ಲರ ಕಂತೂ ಹೇಗೆ ಸರಿಯಾಗಿ ವಸೂಲಾಗುತ್ತದೆ! ಇಂಥ ಚೀಟಿಗೆ ನೋಂದಣಿ ಬೇಕು ಅನ್ನುವ ಕಾನೂನು ಕೆಲವು ಕಡೆ ಇದೆ, ವಿಚಾರಿಸಿಕೊಂಡು ಶುರು ಮಾಡಿ.

ಅದರ ನಡುವೆ ಯಾರಾದರೂ ಬಂದು ‘ಹಾಕಿದ್ದಕ್ಕಿಂತ ಜಾಸ್ತಿ ಕೊಡುತ್ತೇನೆ’ ಅಂದರೆ ಅದು ಚೀಟಿ ಅಲ್ಲ. 12 ಜನ ಹಾಕಿದ್ದು 12,000, ಬರುವುದೂ 12,000. ಜಾಸ್ತಿ ಎಲ್ಲಿಂದ ಬಂತು? 1920ರಲ್ಲಿ ಬಾಸ್ಟನ್‌ನಲ್ಲಿ ಚಾರ್ಲ್ಸ್ ಪೋಂಜಿ 45 ದಿನಕ್ಕೆ 50% ಲಾಭ ಕೊಡುತ್ತೇನೆ ಅಂತ ಕೂತಿದ್ದ. ಹೊಸಬರ ದುಡ್ಡು ಹಳಬರಿಗೆ ಕೊಡುತ್ತಿದ್ದ. ಕೆಲವೇ ತಿಂಗಳಲ್ಲಿ ಕುಸಿದು ಬಿತ್ತು.

ಪ್ರಶ್ನೆ: ನನ್ನ ಹತ್ತಿರ ಕೊಡಲು ದುಡ್ಡಿಲ್ಲ. ಕೆಲಸ ಮಾಡಿಕೊಡಬಲ್ಲೆ. ‘ಪರವಾಗಿಲ್ಲ ಬಿಡಿ’ ಅನ್ನುತ್ತಾರೆ. ಆ ಮಾತು ಕೇಳಿದರೆ ಯಾಕೋ ಸಂಕಟ ಆಗುತ್ತದೆ.

ಸಂಕಟ ಆಗಬೇಕಾದ್ದೇ. ‘ಪರವಾಗಿಲ್ಲ ಬಿಡಿ’ ಅಂದರೆ ‘ನೀವು ಲೆಕ್ಕಕ್ಕಿಲ್ಲ’ ಅಂತ.

ನಮ್ಮ ಓದುವ ಕೋಣೆಯ ಪುಸ್ತಕದಲ್ಲಿ ನಾನು ಜಮಾ, ಖರ್ಚಿನ ಪಕ್ಕ ಮೂರನೇ ಕಲಂ ಒಂದು ಎಳೆದಿದ್ದೆ. ತಲೆಬರಹ: ‘ಕೈ’. ಒಬ್ಬಾಕೆ ವಾರಕ್ಕೆ ಎರಡು ಗಂಟೆ ಬಂದು ಹರಿದ ಪುಸ್ತಕಗಳ ಬೆನ್ನಿಗೆ ಬಟ್ಟೆ ಅಂಟಿಸುತ್ತಿದ್ದಳು. ಗೋಂದು ಕೂಡ ಅವಳೇ ಕಾಯಿಸಿ ತರುತ್ತಿದ್ದಳು. ಅವಳ ಹೆಸರಿನ ಮುಂದೆ ಗಂಟೆ ಬರೆಯುತ್ತಿದ್ದೆ. ವರ್ಷದ ಕೊನೆಗೆ ಕೂಡಿಸಿದರೆ 96 ಗಂಟೆ. ಅಷ್ಟು ಪುಸ್ತಕ ಹೊರಗೆ ರಟ್ಟು ಕಟ್ಟಿಸಿದ್ದರೆ ನಮ್ಮ ದುಡ್ಡಿನ ಕಾಲು ಭಾಗ ಅದಕ್ಕೇ ಹೋಗುತ್ತಿತ್ತು. ಬಾಗಿಲ ಪಕ್ಕದ ಹಾಳೆಯಲ್ಲಿ ಅವಳ ಹೆಸರೂ ದುಡ್ಡು ಕೊಟ್ಟವರ ಸಾಲಿನಲ್ಲೇ ಇರುತ್ತಿತ್ತು.

ಇದೇನು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಜಪಾನ್‌ನ ತೆರುಕೊ ಮಿಜುಶಿಮಾ 1973ರಲ್ಲೇ ಒಸಾಕಾದಲ್ಲಿ ಹೆಂಗಸರು ಶ್ರಮವನ್ನೇ ಜಮಾ ಮಾಡಿ, ಬೇಕಾದಾಗ ಶ್ರಮವಾಗಿಯೇ ವಾಪಸ್ ಪಡೆಯುವ ಬ್ಯಾಂಕ್ ಶುರು ಮಾಡಿದ್ದರು. ಮೇಲೆ ಹೇಳಿದ ಗೋಟೆಯೊದಲ್ಲೂ ದುಡ್ಡಿನ ಜೊತೆಗೆ ‘ಇಂಥ ಕೆಲಸ ಬಲ್ಲವರು ಬೇಕು, ಇಂಥ ಸಾಮಾನು ಎರವಲು ಬೇಕು’ ಅಂತ ಕೇಳಬಹುದು.

ನೀವು ‘ಏನಾದರೂ ಮಾಡುತ್ತೇನೆ’ ಅನ್ನಬೇಡಿ. ‘ಶನಿವಾರ ಮೂರು ಗಂಟೆ, ಬಣ್ಣ ಹೊಡೆಯುತ್ತೇನೆ’ ಅನ್ನಿ. ಬರೆದುಕೊಳ್ಳಲು ಅವರಿಗೂ ಸುಲಭ.

ಪ್ರಶ್ನೆ: ಎಲ್ಲರೂ ಎರವಲು ಪಡೆಯುವಂಥ ಉಪಕರಣಗಳ ಕೋಣೆ ಮಾಡುತ್ತಿದ್ದೇವೆ. ಒಟ್ಟು ದುಡ್ಡಿನಲ್ಲಿ ಅರ್ಧ ಒಬ್ಬರೇ ಕೊಡುತ್ತಾರಂತೆ. ಆದರೆ ಏನು ಕೊಳ್ಳಬೇಕು, ಯಾರಿಗೆ ಕೊಡಬೇಕು ಅಂತ ತಾವೇ ಹೇಳುತ್ತಾರಂತೆ. ತಗೊಳ್ಳೋಣವಾ?

ಆ ಷರತ್ತಿನ ಮೇಲೆ ಬೇಡ. ಕೋಣೆ ಚಿಕ್ಕದಾಗಲಿ.

1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 28 ಜನ, ಅವರಲ್ಲಿ ನೇಕಾರರೂ ಇದ್ದರು, ಸೇರಿ 28 ಪೌಂಡ್ ಕೂಡಿಸಿ ಒಂದು ಅಂಗಡಿ ತೆರೆದರು. ಯಾರು ಎಷ್ಟೇ ಹಾಕಲಿ, ಒಬ್ಬರಿಗೆ ಒಂದೇ ಓಟು ಅನ್ನುವುದು ಅವರ ನಿಯಮ. ಸಹಕಾರ ಸಂಘಗಳು ಇವತ್ತಿಗೂ ಅದನ್ನೇ ಹಿಡಿದಿವೆ. ಅಮೆರಿಕದ ಗ್ರೀನ್ ಬೇ ಪ್ಯಾಕರ್ಸ್ ಅನ್ನುವ ಫುಟ್‌ಬಾಲ್ ತಂಡ 1923ರಿಂದ ಜನರದ್ದೇ. ಈಗ 5 ಲಕ್ಷಕ್ಕೂ ಹೆಚ್ಚು ಷೇರುದಾರರಿದ್ದಾರೆ. ಷೇರಿಗೆ ಲಾಭಾಂಶ ಇಲ್ಲ. ಒಬ್ಬರು 2 ಲಕ್ಷ ಷೇರಿಗಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ. ಯಾರೂ ತಂಡವನ್ನು ಹೊತ್ತುಕೊಂಡು ಹೋಗಬಾರದು ಅಂತ.

ನಿಮ್ಮ ದೊಡ್ಡ ದಾನಿಗೆ ಮರ್ಯಾದೆಯಿಂದಲೇ ಹೇಳಿ: ಮಾತು ಎಲ್ಲರಷ್ಟೇ, ಹೆಸರು ಬೇಕಾದರೆ ಗೋಡೆಯ ಮೇಲೆ ದೊಡ್ಡದಾಗಿ ಬರೆಸೋಣ. ಒಪ್ಪಿದರೆ ಒಳ್ಳೆಯವರು, ತಗೊಳ್ಳಿ. ಒಬ್ಬರದು ಅರ್ಧ ಆಯ್ತು ಅಂದರೆ ಉಳಿದವರು ಮೆಲ್ಲಗೆ ಕೈ ಬಿಡುತ್ತಾರೆ ಅನ್ನುವುದೂ ನೆನಪಿರಲಿ. ‘ಅವರದೇ ಕೋಣೆ ಅಲ್ವಾ, ಅವರೇ ಗುಡಿಸಲಿ’ ಅಂತ ಮೊದಲ ವಾರವೇ ಯಾರೋ ಅನ್ನುತ್ತಾರೆ. ನೋಡುತ್ತಿರಿ.

ಪ್ರಶ್ನೆ: ಮೊಬೈಲ್‌ಗೆ ದಿನಾ ಸಹಾಯ ಕೇಳುವ ಸಂದೇಶ ಬರುತ್ತದೆ. ಕರುಳು ಚುರುಕ್ ಅನ್ನುತ್ತದೆ. ನಿಜವೋ ಸುಳ್ಳೋ ತಿಳಿಯುವುದು ಹೇಗೆ?

2017ರಲ್ಲಿ ಅಮೆರಿಕದಲ್ಲಿ ಒಂದು ಕಥೆ ಓಡಿತು. ರಾತ್ರಿ ಕಾರಿನ ಪೆಟ್ರೋಲ್ ಮುಗಿದು ನಿಂತ ಹುಡುಗಿಗೆ ಬೀದಿಯಲ್ಲಿ ಮಲಗುವ ಒಬ್ಬ ತನ್ನ ಕೊನೆಯ 20 ಡಾಲರ್ ಕೊಟ್ಟನಂತೆ. ಆತನಿಗೆ ಮನೆ ಮಾಡಿಕೊಡಲು ಸುಮಾರು 14,000 ಜನ 4 ಲಕ್ಷ ಡಾಲರ್‌ಗೂ ಮೀರಿ ಕೊಟ್ಟರು. ಮರುವರ್ಷ ಗೊತ್ತಾಯ್ತು, ಕಥೆಯೇ ಸುಳ್ಳು, ಆ ಹುಡುಗಿ, ಅವಳ ಗೆಳೆಯ, ಬೀದಿಯ ಆತ, ಮೂವರೂ ಸೇರಿ ಹೆಣೆದದ್ದು. ದುಡ್ಡು ಎತ್ತಿಕೊಟ್ಟ ತಾಣದವರು ಕೊಟ್ಟವರಿಗೆಲ್ಲ ವಾಪಸ್ ಮಾಡಿದರು. ಹೀಗೆ ವಾಪಸ್ ಸಿಗುವುದು ಅಪರೂಪ.

ಕಥೆ ಎಷ್ಟು ಚೆನ್ನಾಗಿದೆ ಅಂತ ನೋಡಬೇಡಿ. ಸಂಕಟದಲ್ಲಿ ಇರುವವರನ್ನು ಕಣ್ಣಾರೆ ಬಲ್ಲವರು ಒಬ್ಬರಾದರೂ ನಿಮಗೆ ಗೊತ್ತಾ? ದುಡ್ಡು ಹೋಗುವುದು ಆಸ್ಪತ್ರೆಯ ಖಾತೆಗಾ, ಯಾರದೋ ಸ್ವಂತ ಖಾತೆಗಾ? ಪ್ರಶ್ನೆ ಕೇಳಿದರೆ ಉತ್ತರ ಬರುತ್ತದಾ, ಇಲ್ಲ ‘ಬೇಗ, ಇವತ್ತೇ’ ಅನ್ನುವ ಒತ್ತಾಯ ಬರುತ್ತದಾ? ಇಷ್ಟು ನೋಡಿದ ಮೇಲೂ ನಾನು ಎರಡು ಸಲ ಮೋಸ ಹೋಗಿದ್ದೇನೆ. ಹೋದರೆ ಎಷ್ಟು ಹೋದರೂ ಪರವಾಗಿಲ್ಲವೋ ಅಷ್ಟೇ ಕೊಡುವ ಅಭ್ಯಾಸ ಆಮೇಲೆ ಬಂತು.

ಪ್ರಶ್ನೆ: ಕೆಲಸ ಎಲ್ಲ ಮುಗಿದು ಚೂರು ದುಡ್ಡು ಉಳಿದಿದೆ. ಹಂಚಿದರೆ ಒಬ್ಬೊಬ್ಬರಿಗೆ ಚಿಲ್ಲರೆ ಬರುತ್ತದೆ. ಏನು ಮಾಡೋಣ?

ನಮಗೂ ಉಳಿದಿತ್ತು. ನಾನು ಒಬ್ಬಳೇ ತೀರ್ಮಾನ ಮಾಡಲು ಹೋಗಲಿಲ್ಲ, ಅಷ್ಟು ಬುದ್ಧಿ ಆಗ ಬಂದಿತ್ತು. ಹಾಳೆಯಲ್ಲಿ ಬರೆದೆ: ‘ಉಳಿಕೆ ಇಷ್ಟು. ಏನು ಮಾಡೋಣ? ಕೆಳಗೆ ಬರೆಯಿರಿ.’ ಪಕ್ಕದಲ್ಲಿ ದಾರ ಕಟ್ಟಿ ಪೆನ್ಸಿಲ್ ನೇತು ಹಾಕಿದೆ. ಒಂದು ವಾರದಲ್ಲಿ 19 ಜನ ಬರೆದರು. ವಾಪಸ್ ಕೊಡಿ ಅಂದವರು ಇಬ್ಬರು, ಅವರ ಪಾಲು ಕೊಟ್ಟೆ. ಉಳಿದವರಲ್ಲಿ ಹೆಚ್ಚಿನವರು ಕೇಳಿದ್ದು ಮೂಲೆಯ ಮೇಜಿಗೆ ಒಂದು ದೀಪ. ಅಲ್ಲಿ ಸಂಜೆ ಅಕ್ಷರ ಕಾಣುವುದಿಲ್ಲ ಅಂತ. ಆ ಮೂಲೆಯಲ್ಲಿ ದಿನಾ ಕೂರುತ್ತಿದ್ದದ್ದು ಯಾರು ಅಂದರೆ, ಕೊಡೆಯ ಹಿರಿಯರು. ದೀಪ ತಂದೆವು, ಬಿಲ್ಲನ್ನು ಹಾಳೆಗೆ ಅಂಟಿಸಿದೆವು. ಉಳಿಕೆ ಸೊನ್ನೆ ಅಂತ ಬರೆದು ಮೂವರು ಸಹಿ ಹಾಕಿದೆವು. ಪೆನ್ಸಿಲ್ ಮಾತ್ರ ಯಾರೋ ತಗೊಂಡು ಹೋದರು.